ಐದನೆಯ ಪಾಳಿ

ಬಾಗೇವಾಡಿ

ನಮ್ಮ ಕಡೆ ಒಂದು ಕಾಯ್ದೆ ಇದೆ. ಯಾರದಾದರೂ ಮನೆಗೆ ಹೋದಾಗ ಚಹಾ ಮಾಡಲೇ ಎಂದು ಕೇಳಿದರೆ ಬೇಡ ಎನ್ನಬೇಕು. ಇದು ಮೊದಲನೆಯ ಬೇಡ, ಇದಕ್ಕೆ ಕವಡೆ ಕಿಮ್ಮತ್ತಿಲ್ಲ. ಮನೆಯಾಕೆ ಅದನ್ನು ಕಿವಿಗೇ ಹಾಕಿಕೊಳ್ಳದೆ ಒಲೆಯ ಮೇಲೆ ಪಾತ್ರೆ ಇಟ್ಟಿರುತ್ತಾಳೆ. ಎರಡನೆಯ ಬೇಡ ಮರ್ಯಾದೆಯದು. ಮೂರನೆಯ ಸಲ ಕೇಳಿದಾಗ ಬಾಯಿಂದ ಏನು ಬರುತ್ತದೋ ಅದೇ ನಿಜ. ಕೊಡುವವನಿಗೂ ಹೀಗೆಯೇ. ನಿಮ್ಮ ಕೈಗಡಿಯಾರ ಚಂದ ಇದೆ ಎಂದು ಯಾರಾದರೂ ಅಂದರೆ ಅದನ್ನು ಬಿಚ್ಚಿ, "ತಗೋರಿ, ನಿಮ್ದ ಐತಿ" ಎಂದು ಮುಂದೆ ಹಿಡಿಯಬೇಕು. ಅವರು ಛೇ ಛೇ ಎಂದು ಹಿಂದಕ್ಕೆ ತಳ್ಳಬೇಕು. ಗಡಿಯಾರ ಮತ್ತೆ ನಮ್ಮ ಕೈಗೇ ಬರುತ್ತದೆ, ಇಬ್ಬರೂ ದೊಡ್ಡ ಮನಸ್ಸಿನವರು ಎಂಬ ಹೆಸರೂ ಬರುತ್ತದೆ. ಹುಟ್ಟಿದಂದಿನಿಂದ ನಾನು ಹೀಗೆ ಕೊಡುತ್ತಲೇ ಬಂದವನು. ಯಾರೂ ನನ್ನದೊಂದು ಕರವಸ್ತ್ರವನ್ನೂ ನಿಜವಾಗಿ ಒಯ್ದಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ವಿಲಾಯತಿಯಲ್ಲಿ ನಾನು ಮಾಡಿಕೊಂಡ ಭಾನಗಡಿಗೆಲ್ಲ ಇದೇ ಮೂಲ.

ನಾನು ಬಸವನ ಬಾಗೇವಾಡಿಯಲ್ಲಿ ದನದ ಡಾಕ್ಟರ. ಬಿಜಾಪುರದಲ್ಲಿ ಓದುವಾಗ ಒಂದೇ ಖೋಲಿಯಲ್ಲಿ ನಾಲ್ಕು ಜನ ಇದ್ದೆವು: ಇಂಡಿ ಊರಿನ ಗುರುಪಾದ, ಮುದ್ದೇಬಿಹಾಳದ ಬಸಲಿಂಗ, ಸಿಂದಗಿಯ ಭೀಮರಾಯ ಮತ್ತು ನಾನು. ನಾಲ್ವರಿಗೂ ಗಿಟಾರಿನ ಹುಚ್ಚು. ರೇಡಿಯೋದಲ್ಲಿ ಹವಾಯಿ ಗಿಟಾರಿನ ಮೇಲೆ ಸಿನಿಮಾ ಹಾಡು ಬಂದರೆ ಊಟದ ತಾಟು ಬಿಟ್ಟು ಏಳುತ್ತಿದ್ದೆವು. ಹವಾಯಿ ಗಿಟಾರೆಂದರೆ ಎದೆಗೆ ಅವುಚಿಕೊಂಡು ಬಾರಿಸುವುದಲ್ಲ. ಅದನ್ನು ತೊಡೆಯ ಮೇಲೆ ಅಂಗಾತ ಮಲಗಿಸಬೇಕು. ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ಹಿಡಿದು ತಂತಿಯ ಮೇಲೆ ಜಾರಿಸುತ್ತ, ಬಲಗೈಯಿಂದ ಮೀಟಬೇಕು. ಆಗ ಅದು ಮನುಷ್ಯರ ದನಿಯ ಹಾಗೆ ಎಳೆದು ಎಳೆದು ಹಾಡುತ್ತದೆ.

ನೌಕರಿ ಹಿಡಿದ ಮೇಲೆ ನಾಲ್ವರೂ ಕೂಡಿ ಕಲ್ಕತ್ತೆಯಿಂದ ಅಂಥದೊಂದು ಗಿಟಾರ್ ತರಿಸಿದೆವು. ಗಿಟಾರ್ ಒಂದು, ಊರು ನಾಲ್ಕು. ನಮ್ಮಲ್ಲಿ ಬಾವಿಯ ನೀರಿಗೆ ಪಾಳಿ ಉಂಟು, ಗುಡಿಯ ಪೂಜೆಗೆ ಪಾಳಿ ಉಂಟು, ಹಾಗೆಯೇ ಗಿಟಾರಿಗೂ ಪಾಳಿ ಹಚ್ಚಿದೆವು. ಯುಗಾದಿಗೆ ಒಬ್ಬನಿಗೆ, ನಾಗರಪಂಚಮಿಗೆ ಇನ್ನೊಬ್ಬನಿಗೆ, ದಸರೆಗೆ ಮತ್ತೊಬ್ಬನಿಗೆ, ಸಂಕ್ರಾಂತಿಗೆ ಮಗುದೊಬ್ಬನಿಗೆ. ಹಬ್ಬದ ದಿನ ನಾಲ್ವರೂ ಸೇರಿ ಗಿಟಾರನ್ನು ಮುಂದಿನವನ ಕೈಗೆ ಒಪ್ಪಿಸುವುದು, ಆಮೇಲೆ ಜಗಳಕ್ಕೆ ಕೂರುವುದು. ಹೋಲಿಸಿ ನೋಡಲು ಇನ್ನೊಂದು ಗಿಟಾರ್ ಇಲ್ಲದ್ದರಿಂದ ನಾವು ಊರುಗಳನ್ನೇ ಹೋಲಿಸುತ್ತಿದ್ದೆವು. ಮುದ್ದೇಬಿಹಾಳದ ಸೆಕೆಗೆ ಕುತ್ತಿಗೆ ಬಾಗಿತೆಂದು ಗುರುಪಾದ, ಇಂಡಿಯಲ್ಲಿ ನಿಂಬೆಹಣ್ಣಿನ ಕೈಯಲ್ಲಿ ಮುಟ್ಟಿಯೇ ತಂತಿಗೆ ತುಕ್ಕು ಬಂತೆಂದು ಬಸಲಿಂಗ. ಗಿಟಾರಿನ ಸ್ವರ ಬಾಗೇವಾಡಿಯಲ್ಲಿದ್ದಷ್ಟು ಇಂಪಾಗಿ ಬೇರೆಲ್ಲೂ ಇರುವುದಿಲ್ಲ ಎಂಬುದು ನನ್ನ ಮಾತು, ಇವತ್ತಿಗೂ ಅದನ್ನು ಹಿಂತೆಗೆದುಕೊಳ್ಳುವುದಿಲ್ಲ.

ಭೀಮರಾಯ ಈ ಜಗಳಕ್ಕೆ ಬರುತ್ತಿರಲಿಲ್ಲ. ಅವನದು ಸಿಂದಗಿಯಲ್ಲಿ ರೇಡಿಯೋ ರಿಪೇರಿ ಅಂಗಡಿ. ನಮ್ಮ ಗಿಟಾರಿಗೆ ಆಂಪ್ಲಿಫೈಯರ್ ಮಾಡಿಕೊಟ್ಟವನು ಅವನೇ. ಅದನ್ನವನು ಡಬ್ಬಿ ಎಂದು ಕರೆಯುತ್ತಿದ್ದ. ಹಳೆಯ ರೇಡಿಯೋಗಳ ಗಾಜಿನ ವಾಲ್ವು ಕೂಡಿಸಿ ಮಾಡಿದ ಆ ಡಬ್ಬಿ, ಗಿಟಾರಿನ ಜೊತೆ ಧಾರವಾಡದ ಆಕಾಶವಾಣಿಯ ಸುದ್ದಿಯನ್ನೂ ಒಮ್ಮೊಮ್ಮೆ ಹೇಳುತ್ತಿತ್ತು. ಅದರ ನಾಚಿಕೆಗೆ ಅವನು ಎರಡು ವರ್ಷದಿಂದ ಹೊಸ ಡಬ್ಬಿಯೊಂದನ್ನು ಕಟ್ಟುತ್ತ ಕೂತಿದ್ದ.

ಆ ವರ್ಷ ಸರಕಾರದವರು ಕುರಿ ಸಾಕಣೆಯ ತರಬೇತಿಗೆಂದು ನನ್ನನ್ನು ಆರು ತಿಂಗಳು ಸ್ಕಾಟ್‌ಲೆಂಡಿಗೆ ಕಳಿಸುವುದೆಂದಾಯಿತು. ಯುಗಾದಿಯಿಂದ ನನ್ನ ಪಾಳಿ, ಪಂಚಮಿಯಿಂದ ಭೀಮರಾಯನದು. ಗಿಟಾರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ, ಒಯ್ದರೆ ಅವನ ಪಾಳಿ ಮುಳುಗುತ್ತದೆ. ಭೀಮರಾಯ ತಾನಾಗಿಯೇ ಬಾಗೇವಾಡಿಗೆ ಬಂದ.

"ನನ್ನ ಪಾಳೀನೂ ನೀನ ತಗೊಂಡು ಹೋಗು, ನಾ ದಸರಾದಿಂದ ಹಿಡೀತೀನಿ, ಉಳದಿಬ್ರಿಗೂ ಹೇಳೀನಿ. ದಸರಾಕ್ಕ ಹೊಸಾ ಡಬ್ಬಿ ತಯಾರಾಗಿರ್ತೈತಿ. ಗಿಟಾರ ಬಂದ ಕೂಡ್ಲೆ ಹಚ್ಚಿ ನೋಡೂಣು."

ಎರಡು ಸಲ ಬೇಡ ಎಂದೆ. ಮೂರನೆಯ ಸಲ ಕೇಳಿದಾಗ ಸುಮ್ಮನಾದೆ. ಅವನು ಅಷ್ಟಕ್ಕೇ ಬಿಡದೆ, ಅಲ್ಲಿಯವರು ತಮ್ಮ ಆಂಪ್ಲಿಫೈಯರಿನ ಒಳಗೆ ಏನೇನು ಇಡುತ್ತಾರೆ ನೋಡಿಕೊಂಡು ಬಾ ಎಂದು ಹೇಳಿ ಬಸ್ಸು ಹತ್ತಿದ.

ಮುಂಬಯಿ

ಗಿಟಾರಿಗೆ ಪೆಟ್ಟಿಗೆ ಇರಲಿಲ್ಲ. ನನ್ನ ಹೆಂಡತಿ ಗಂಗವ್ವ ಹಳೆಯ ಇಳಕಲ್ಲ ಸೀರೆಗಳ ತುಂಡು ಜೋಡಿಸಿ, ಒಳಗೆ ಹತ್ತಿ ತುಂಬಿ, ಗಿಟಾರಿನ ಅಳತೆಗೆ ಸರಿಯಾಗಿ ಒಂದು ಕೌದಿಯ ಚೀಲ ಹೊಲಿದುಕೊಟ್ಟಿದ್ದಳು. ವಿಮಾನ ನಿಲ್ದಾಣದ ಸುಂಕದವನು ಅದನ್ನು ನೋಡಿ, ಒಳಗೆ ಕೂಸು ಇದೆಯೇ ಎಂದು ಕೇಳಿದ. ಬಿಚ್ಚಿ ತೋರಿಸಿದೆ. ಬಾರಿಸಿ ತೋರಿಸು ಎಂದ. ನನ್ನ ಹಿಂದೆ ನಿಂತವರೆಲ್ಲ ವಿಮಾನ ತಪ್ಪುತ್ತದೆಂದು ಗೊಣಗುತ್ತಿದ್ದರು. ಸುಂಕದ ಮೇಜಿನ ಮೇಲೆ ಗಿಟಾರ್ ಮಲಗಿಸಿ ಒಂದು ಭಜನೆಯ ಸಾಲು ಬಾರಿಸಿದ ಮೇಲೆಯೇ ಅವನು ಸೀಮೆಸುಣ್ಣದಲ್ಲಿ ಗೀಟು ಎಳೆದು ಬಿಟ್ಟ.

ವಿಮಾನದ ಹುಡುಗಿ ಅದನ್ನು ಕೆಳಗೆ ಸಾಮಾನಿನ ಜೊತೆ ಹಾಕೋಣ ಎಂದಳು. ನಾನು ಒಪ್ಪಲಿಲ್ಲ. ಇದು ನಾಲ್ಕು ಮನೆಯದು ತಾಯಿ, ಒಂದು ತಂತಿ ಕಡಿದರೂ ಮೂರು ಊರಿಗೆ ಜವಾಬು ಹೇಳಬೇಕು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ತಿಳಿಸಿದೆ. ಆಕೆಗೆ ಏನು ಅರ್ಥವಾಯಿತೋ, ಪಕ್ಕದ ಖಾಲಿ ಸೀಟಿನಲ್ಲಿ ಕೂರಿಸಿ ಅದಕ್ಕೂ ಪಟ್ಟಿ ಬಿಗಿದಳು. ಹೀಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಒಂದೇ ಕೌದಿಯೊಳಗೆ ಕೂತು ಲಂಡನ್ನಿಗೆ ಹೋದವು.

ಮಿಸೆಸ್ ರೀಡ್ ಅವರ ಮನೆ

ಲಂಡನ್ನಿನಿಂದ ರೈಲಿನಲ್ಲಿ ಉತ್ತರಕ್ಕೆ ಹೋಗಿ ಇಳಿದ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಗೆ ಹತ್ತಲಿಲ್ಲ. ಉಣ್ಣೆಯ ಗಿರಣಿಗಳ ಊರು. ಸುತ್ತಲಿನ ಗುಡ್ಡದ ತುಂಬ ಕುರಿಗಳು, ಒಂದೊಂದೂ ನಮ್ಮ ಕರಿಯ ಕುರಿಯ ಎರಡರಷ್ಟು. ನಮ್ಮ ಕುರುಬರು ಕುರಿಯ ಹಿಂದೆ ಹೊಲದಿಂದ ಹೊಲಕ್ಕೆ ನಡೆಯುತ್ತಾರೆ, ಅಲ್ಲಿ ಕುರಿಗಳನ್ನು ನಾಯಿಗೆ ಒಪ್ಪಿಸಿ ಕುರುಬ ಬೇಲಿಗೆ ಒರಗಿ ಪೈಪು ಸೇದುತ್ತಾನೆ. ನಾಯಿಯ ಜೊತೆ ಅವನು ಮಾತಾಡುವಷ್ಟು ಅಲ್ಲಿ ಹೆಂಡತಿಯ ಜೊತೆಗೂ ಯಾರೂ ಮಾತಾಡುವುದಿಲ್ಲ ಎಂದು ನನಗೆ ಅನ್ನಿಸಿತು.

ನಾನು ಇದ್ದುದು ಮಿಸೆಸ್ ರೀಡ್ ಎಂಬ ವಿಧವೆಯ ಮನೆಯಲ್ಲಿ. ಬಹಳ ಒಳ್ಳೆಯ ಹೆಂಗಸು. ಮಾಂಸ ಮುಟ್ಟದವನಿಗೆಂದು ಮೊದಲ ದಿನವೇ ಬಟಾಟೆ, ಬಟಾಣಿ, ಬ್ರೆಡ್ಡು ಬಡಿಸಿದರು. ಹಸಿದು ಕಂಗಾಲಾಗಿದ್ದೆ. ತಾಟು ಖಾಲಿಯಾಯಿತು. ಇನ್ನಷ್ಟು ಬಡಿಸಲೇ ಎಂದು ಕೇಳಿದರು. ಬೇಡ ಎಂದೆ.

ಅವರು ಬಟಾಟೆಯ ಪಾತ್ರೆಯನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಕಾದೆ. ಎರಡನೆಯ ಸಲ ಕೇಳಲು ಬರುತ್ತಾರೆಂದು ಚಮಚ ಕೆಳಗಿಡದೆ ಕೂತೆ. ಒಳಗಿನಿಂದ ಪಾತ್ರೆ ತೊಳೆಯುವ ಸಪ್ಪಳ ಬಂತು. ಎಲಾ ಇವಳ, ಉಂಡವನನ್ನು ಒಂದು ಸಲ ಕೇಳಿ ಬಿಡುವುದೇ! ನಮ್ಮಲ್ಲಾದರೆ ಬೇಡ ಬೇಡ ಎಂದು ತಾಟಿನ ಮೇಲೆ ಅಡ್ಡ ಹಿಡಿದ ಕೈಯ ಮೇಲೆಯೇ ಸಾರು ಸುರಿಯುತ್ತಾರೆ. ಎರಡು ವಾರದಲ್ಲಿ ನನ್ನ ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಇಷ್ಟಾದರೂ ಬುದ್ಧಿ ಬಂತೇ? ಹೊಟ್ಟೆಯ ವಿಷಯದಲ್ಲಿ ಬಂತು, ಊಟಕ್ಕೆ ಮೊದಲ ಮಾತಿಗೇ ಹೂಂ ಎನ್ನಲು ಕಲಿತೆ. ಉಳಿದ ವಿಷಯಗಳಿಗೂ ಇದೇ ಕಾಯ್ದೆ ಎಂದು ಹೊಳೆಯಲಿಲ್ಲ.

ಗುರುವಾರದ ಖೋಲಿ

ಮಿಸೆಸ್ ರೀಡ್ ಅವರ ಮನೆಗೆ ಮಾಂಸ ತಂದುಕೊಡುವ ಕಟುಕ ಡೇವಿ ಪಂಚಮಿ ಕಳೆದ ಮೇಲೆ ಒಂದು ದಿನ ನನ್ನ ಗಿಟಾರಿನ ಸ್ವರ ಕೇಳಿ ಮೆಟ್ಟಿಲು ಹತ್ತಿ ಬಂದ. ಆರಡಿಯ ಆಳು, ಕೈಯೆಲ್ಲ ರೋಮ, ಮಗುವಿನಂಥ ನಗು. ಬಿಯರಿನ ಅಂಗಡಿಯ ಹಿಂದಿನ ಖೋಲಿಯಲ್ಲಿ ಪ್ರತಿ ಗುರುವಾರ ಸಂಜೆ ಗಿಟಾರಿನವರು ಸೇರುತ್ತೇವೆ, ನೀನೂ ಬಾ ಎಂದ. ಕೊರಳಲ್ಲಿ ಲಿಂಗ ಕಟ್ಟಿದ ನನ್ನನ್ನು ಕಟುಕ ಹೆಂಡದಂಗಡಿಗೆ ಕರೆಯುತ್ತಿದ್ದಾನೆ. ಬಾಗೇವಾಡಿಯಲ್ಲಿ ಗೊತ್ತಾದರೆ ಏನು ಗತಿ ಎಂದುಕೊಂಡೆ. ಮೊದಲ ಮಾತಿಗೇ ಹೂಂ ಎಂದೆ.

ಖೋಲಿಯಲ್ಲಿ ಏಳೆಂಟು ಜನ ಇದ್ದರು. ಒಬ್ಬೊಬ್ಬನ ಗಿಟಾರಿಗೂ ಮಖಮಲ್ಲಿನ ಪೆಟ್ಟಿಗೆ. ಗೋಡೆಯ ಉದ್ದಕ್ಕೂ ಆಂಪ್ಲಿಫೈಯರುಗಳು. ಡೇವಿಯದು ನಮ್ಮ ಊರ ಸಾಹುಕಾರನ ತಿಜೋರಿಯಷ್ಟು ದೊಡ್ಡದು. ಅಷ್ಟು ದೊಡ್ಡದನ್ನು ಅವನು ಎಂದೂ ಪೂರ್ತಿ ಏರಿಸಿ ಬಾರಿಸಿಲ್ಲವಂತೆ, ಸ್ವಲ್ಪ ತಿರುವಿದರೂ ಅಂಗಡಿಯ ಗ್ಲಾಸುಗಳು ನಡುಗಿ ಮಾಲೀಕ ಒದರುತ್ತಾನೆ. ಬ್ಯಾಂಕಿನ ಗುಮಾಸ್ತನೊಬ್ಬನ ಬಳಿ ಅಮೆರಿಕದ ಗಿಟಾರ್ ಇತ್ತು. ಅಂಗಿಯ ಗುಂಡಿ ತಾಗಿ ಗೀರು ಬಿದ್ದೀತೆಂದು ಅವನು ಬಾರಿಸುವಾಗ ಅಂಗಿಯನ್ನು ತಿರುವುಮುರುವು ಹಾಕಿಕೊಳ್ಳುತ್ತಿದ್ದ.

ದೇವರ ಹಿಪ್ಪರಗಿಯ ಸಂತೆಯಲ್ಲಿ ಎತ್ತು ನೋಡುವವರನ್ನು ನೀವು ನೋಡಿದ್ದೀರಿ. ಹಲ್ಲು ಎಣಿಸುತ್ತಾರೆ, ಬಾಲ ಎತ್ತುತ್ತಾರೆ, ಬೆನ್ನು ಚಪ್ಪರಿಸುತ್ತಾರೆ, ಕೊನೆಗೆ ತಮ್ಮ ಮನೆಯ ಎತ್ತೇ ಮೇಲು ಎಂದು ಹೊರಟುಬಿಡುತ್ತಾರೆ. ಇಲ್ಲಿಯೂ ಅದೇ. ಒಬ್ಬ ಕುತ್ತಿಗೆಯ ಕಟ್ಟಿಗೆ ಯಾವ ಮರದ್ದು ಎಂದು ಮೂಸಿ ನೋಡುತ್ತಾನೆ, ಇನ್ನೊಬ್ಬ ವಾಲ್ವಿನ ಸ್ವರ ಬೆಚ್ಚಗಿರುತ್ತದೆ ಟ್ರಾನ್ಸಿಸ್ಟರಿನದು ತಣ್ಣಗೆ ಎನ್ನುತ್ತಾನೆ, ಮತ್ತೊಬ್ಬ ತಂತಿ ಹಳತಾದಷ್ಟೂ ಒಳ್ಳೆಯದು ಎಂದು ವಾದಿಸುತ್ತಾನೆ. ಎರಡು ಗಂಟೆ ಮಾತು, ನಡುವೆ ಎರಡು ಮೀಟು. ನನಗೆ ನಮ್ಮ ಹಬ್ಬದ ಜಗಳಗಳ ನೆನಪಾಗಿ ಕಣ್ಣು ಹನಿಗೂಡಿತು. ಸಾವಿರಾರು ಮೈಲಿ ದೂರ ಬಂದು ನಾನು ನಮ್ಮವರ ನಡುವೆಯೇ ಇದ್ದೆ.

ಒಬ್ಬನ ಬಳಿ ಪ್ರತಿಧ್ವನಿಯ ಯಂತ್ರ ಇತ್ತು. ಒಮ್ಮೆ ಮೀಟಿದ್ದನ್ನು ಅದು ಟೇಪಿನಲ್ಲಿ ಹಿಡಿದು ಮೂರು ಸಲ ವಾಪಸು ಹೇಳುತ್ತಿತ್ತು. ಎಲ್ಲರೂ ಅದನ್ನೇ ಹೊಗಳಲು ನನಗೆ ತಡೆಯಲಾಗಲಿಲ್ಲ. ನಮ್ಮ ಬಿಜಾಪುರದ ಗೋಳಗುಮ್ಮಟ ಏಳು ಸಲ ಹೇಳುತ್ತದೆ, ಅದೂ ಕರೆಂಟಿಲ್ಲದೆ ಎಂದೆ. ಯಂತ್ರದವನು ಬಹಳ ಗಂಭೀರವಾಗಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಸಮಯ ಹೋಗುತ್ತದೆ, ಏಳನೆಯದರಲ್ಲಿ ಸ್ವರ ಮಂಕಾಗುತ್ತದೆಯೇ ಎಂದು ಕೇಳಿದ. ಗುಮ್ಮಟವನ್ನು ಅವರು ಯಾವುದೋ ಹಳೆಯ ಮಾದರಿಯ ಯಂತ್ರವೆಂಬಂತೆ ಅರ್ಧ ಗಂಟೆ ಚರ್ಚಿಸಿದರು.

ಮೂಲೆಯ ಕುರ್ಚಿಯಲ್ಲಿ ಆರ್ಚಿ ಎಂಬ ಮುದುಕ ಕೂತಿದ್ದ. ಗಿರಣಿಯಲ್ಲಿ ದುಡಿದು ನಿವೃತ್ತನಾದವನು. ಅವನ ಬಳಿ ಗಿಟಾರ್ ಇರಲಿಲ್ಲ. ಆದರೆ ಯಾರ ಗಿಟಾರ್ ಯಾವ ವರ್ಷದ್ದು, ಯಾರ ಆಂಪ್ಲಿಫೈಯರಿಗೆ ಯಾವಾಗ ಹೊಸ ಸ್ಪೀಕರ್ ಬಿತ್ತು ಎಂಬ ವಾದ ಬಂದಾಗೆಲ್ಲ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಎಡಗೈಯನ್ನು ಕೋಟಿನ ಜೇಬಿನಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಜನರ ಎದುರಿಗೆ ಜೇಬಿನಲ್ಲಿ ಕೈ ಇಟ್ಟು ಕೂರುವುದು ನಮ್ಮಲ್ಲಿ ಸೊಕ್ಕಿನ ಲಕ್ಷಣ. ಮುದುಕನಿಗೆ ಕೊಬ್ಬು ಎಂದುಕೊಂಡೆ.

ಕೊನೆಗೆ ನನ್ನ ಪಾಳಿ ಬಂತು. ನಾನು ಬೂಟು ಕಳಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೌದಿ ಬಿಚ್ಚಿ, ಗಿಟಾರನ್ನು ಕಣ್ಣಿಗೆ ಒತ್ತಿಕೊಂಡೆ. ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಡೇವಿ ಸದ್ದಿಲ್ಲದೆ ತನ್ನದನ್ನು ಕಳಚಿ ಕುರ್ಚಿಯ ಕೆಳಗೆ ತಳ್ಳಿದ. ಅವನ ತಿಜೋರಿಗೆ ತಂತಿ ಸಿಕ್ಕಿಸಿ, ಸಣ್ಣ ದನಿಯಲ್ಲಿ, ಗುರುಪಾದ ಕಲಿಸಿದ ಭಜನೆಯೊಂದನ್ನು ಬಾರಿಸಿದೆ. ನಮ್ಮ ಗಿಟಾರಿಗೆ ಅಂಥ ಕೊರಳಿದೆ ಎಂದು ನನಗೇ ಗೊತ್ತಿರಲಿಲ್ಲ. ಭೀಮರಾಯ ಇಲ್ಲಿ ಇರಬೇಕಾಗಿತ್ತು ಎನ್ನಿಸಿ ಎದೆ ತುಂಬಿತು.

ಬಾರಿಸಿ ಮುಗಿಸಿದಾಗ ಆರ್ಚಿ ಎದ್ದು ನನ್ನ ಎದುರಿಗೆ ಬಂದ. ಗಿಟಾರನ್ನು, ಉಕ್ಕಿನ ತುಂಡನ್ನು, ಕೌದಿಯನ್ನು ಬಾಗಿ ನೋಡಿದ. ಇದನ್ನು ಯಾರು ಹೊಲಿದರು ಎಂದು ಕೇಳಿದ, ನನ್ನ ಹೆಂಡತಿ ಎಂದೆ. ಆಮೇಲೆ, ಈ ಖೋಲಿಯಲ್ಲಿ ಇಷ್ಟು ವರ್ಷದಲ್ಲಿ ಇಂಥ ಸ್ವರ ಕೇಳಿಲ್ಲ ಎಂದ.

ಹೊಗಳಿದ ಮೇಲೆ ಸುಮ್ಮನೆ ಕೂರಲು ನಾನೇನು ಸಂಸ್ಕಾರ ಇಲ್ಲದವನೇ? ಎದ್ದು ನಿಂತು, ಗಿಟಾರನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ತಗೊಳ್ಳಿ, ಇದು ನಿಮ್ಮದೇ ಎಂದೆ.

ಆರ್ಚಿ ನನ್ನ ಮುಖವನ್ನೇ ನೋಡಿದ. ನಿಜವಾಗಿಯೂ ಹೇಳುತ್ತಿದ್ದೀಯಾ ಎಂದು ಕೇಳಿದ. ಹಾಗೆ ಕೇಳಿದರೆ ಇನ್ನೂ ಒತ್ತಿ ಹೇಳುವುದು ನಮ್ಮ ಪದ್ಧತಿ. ನಿಜವಾಗಿಯೂ ಎಂದೆ. ಮತ್ತೊಮ್ಮೆ ಕೇಳಿದ. ಪೂರ್ಣ ಮನಸ್ಸಿನಿಂದ ಎಂದೆ. ಇನ್ನೇನು ಛೇ ಛೇ ಎನ್ನುತ್ತಾನೆ ಎಂದು ಕಾದೆ.

ಅವನ ಕಣ್ಣು ತುಂಬಿ ಬಂತು. ಒಂದೇ ಕೈಯಲ್ಲಿ, ಬಲಗೈಯಲ್ಲಿ, ಗಿಟಾರನ್ನು ಕಂಕುಳಿಗೆ ಅವುಚಿಕೊಂಡ. ಖೋಲಿಯವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಡೇವಿ ಉಕ್ಕಿನ ತುಂಡನ್ನು ಅವನ ಕೋಟಿಗೆ ಸೇರಿಸಿ, ಕೌದಿಯನ್ನು ಮಡಚಿ ಹೆಗಲ ಮೇಲೆ ಹಾಕಿದ. ನಾನೂ ಚಪ್ಪಾಳೆ ಹೊಡೆದೆ. ಇನ್ನೇನು ಮಾಡಲಿ?

ಬರಿಗೈಯ ವಾರಗಳು

ಮರುದಿನ ಕುರಿಯ ಕಾಲು ಪರೀಕ್ಷೆ ಮಾಡುವಾಗ ಒಂದೇ ಕಾಲನ್ನು ಮೂರು ಸಲ ನೋಡಿದೆ. ನನ್ನ ಸ್ವಂತದ್ದಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಅದು ನಾಲ್ವರ ಗಿಟಾರ್, ಅದರಲ್ಲೂ ಪಂಚಮಿ ದಾಟಿದ್ದರಿಂದ ಭೀಮರಾಯ ಬಿಟ್ಟುಕೊಟ್ಟ ಪಾಳಿ. ಪರರ ಹೊಲವನ್ನು ದಾನ ಮಾಡಿದ ಪುಣ್ಯಾತ್ಮ ನಾನು. ದಸರೆಗೆ ಸಿಂದಗಿಯಲ್ಲಿ ಹೊಸ ಡಬ್ಬಿ ಕಾಯುತ್ತಿರುತ್ತದೆ, ನಾನು ಬರಿಗೈಯಲ್ಲಿ ಹೋಗಿ ನಿಂತು ಏನು ಹೇಳಲಿ? ಕೊಟ್ಟದ್ದನ್ನು ವಾಪಸು ಕೇಳಲೂ ಆಗದು. ಕೊಟ್ಟು ಕಿತ್ತುಕೊಂಡವನನ್ನು ನಮ್ಮ ಕಡೆ ಹೊಸ್ತಿಲು ತುಳಿಯಗೊಡುವುದಿಲ್ಲ.

ಮುಂದಿನ ಗುರುವಾರ ಆರ್ಚಿಯ ಎದುರಿಗೆ ಏನಾದರೂ ಸೂಚ್ಯವಾಗಿ ಆಡಿ ನೋಡೋಣ ಎಂದು ಹೋದೆ. ಆರ್ಚಿ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಗುರುವಾರವೂ ತಪ್ಪಿಸದವನು ಎಂದು ಎಲ್ಲರಿಗೂ ಆಶ್ಚರ್ಯ. ಅವನಿಲ್ಲದೆ ವಾದಗಳು ಬಗೆಹರಿಯುತ್ತಿರಲಿಲ್ಲ. ಡೇವಿ ನನಗೆ ಸಮಾಧಾನವಾಗಲೆಂದು ತನ್ನ ತಿಜೋರಿಯ ಬೆನ್ನು ಬಿಚ್ಚಿ ಒಳಗಿನದ್ದನ್ನೆಲ್ಲ ತೋರಿಸಿದ. ನಾನು ಹೇಳಿದ್ದ ಸಿಂದಗಿಯ ಗೆಳೆಯನ ಕತೆ ನೆನಪಿಟ್ಟು, ಅವನಿಗೆ ಕೊಡು ಎಂದು ಎರಡು ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿಕೊಟ್ಟ. ವಾಲ್ವು ಸಿಕ್ಕವು, ಗಿಟಾರ್ ಹೋಯಿತು.

ಊರಿಗೆ ಹೊರಡುವ ದಿನ ಹತ್ತಿರ ಬಂತು. ಒಂದು ಭಾನುವಾರ ಮಧ್ಯಾಹ್ನ ಮಾನ ಮರ್ಯಾದೆಯನ್ನೆಲ್ಲ ಮಿಸೆಸ್ ರೀಡ್ ಅವರ ಮನೆಯಲ್ಲೇ ಬಿಟ್ಟು, ಆರ್ಚಿಯ ಮನೆಗೆ ಹೊರಟೆ. ಗಿಟಾರ್ ನನ್ನೊಬ್ಬನದಲ್ಲ, ಕ್ಷಮಿಸಿ, ವಾಪಸು ಕೊಡಿ ಎಂಬ ಮಾತನ್ನು ಇಂಗ್ಲಿಷಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಆರ್ಚಿಯ ಅಡುಗೆಮನೆ

ಬಾಗಿಲು ತಟ್ಟಲು ಎತ್ತಿದ ಕೈ ಅಲ್ಲೇ ನಿಂತಿತು. ಒಳಗೆ ಗಿಟಾರ್ ನುಡಿಯುತ್ತಿತ್ತು. ನಮ್ಮ ಗಿಟಾರ್! ಸಾವಿರ ಗಿಟಾರಿನ ನಡುವೆಯೂ ಅದರ ಕೊರಳು ನನಗೆ ತಿಳಿಯುತ್ತದೆ. ಅವರ ಕಡೆಯ ಯಾವುದೋ ನಿಧಾನದ ಧಾಟಿ, ಅಲ್ಲಲ್ಲಿ ಸ್ವರ ತಪ್ಪುತ್ತಿತ್ತು, ತಪ್ಪಿದಲ್ಲಿ ನಿಂತು ಮತ್ತೆ ಹಿಂದಿನಿಂದ 
ಬರುತ್ತಿತ್ತು. ಕಲಿಯುವವನ ಬಾರಿಸುವಿಕೆ, ಆದರೆ ಕಲಿಯುತ್ತಿರುವವನಿಗೆ ಹಾಡು ಮೊದಲೇ ಗೊತ್ತು.

ಬಾಗಿಲು ತೆರೆದೇ ಇತ್ತು. ಆರ್ಚಿ ಅಡುಗೆಮನೆಯಲ್ಲಿ ಬರಿಗಾಲಲ್ಲಿ ಕೂತಿದ್ದ. ಬೂಟುಗಳು ಹೊಸ್ತಿಲ ಆಚೆ ಸಾಲಾಗಿದ್ದವು. ತೊಡೆಯ ಮೇಲೆ ಗಿಟಾರ್. ಆಗ ಅವನ ಎಡಗೈಯನ್ನು ಮೊದಲ ಸಲ ನೋಡಿದೆ. ಬೆರಳುಗಳು ಒಳಕ್ಕೆ ಬಾಗಿ ಸೆಟೆದುಹೋಗಿದ್ದವು, ಬಿಚ್ಚುತ್ತಿರಲಿಲ್ಲ. ಆ ಬಾಗಿದ ಬೆರಳುಗಳ ನಡುವೆ ಉಕ್ಕಿನ ತುಂಡು ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಕುರಿಯ ಕುಂಟನ್ನು ಹತ್ತು ಮಾರು ದೂರದಿಂದ ಗುರುತಿಸುವ ಡಾಕ್ಟರ ನಾನು, ಆ ಜೇಬಿನ ಕೈಯನ್ನು ಸೊಕ್ಕು ಎಂದುಕೊಂಡಿದ್ದೆ. ನನ್ನ ಕಣ್ಣಿಗಿಷ್ಟು ಬೆಂಕಿ ಬೀಳಲಿ.

ಅವನು ನನ್ನನ್ನು ಕೂರಿಸಿ, ಚಹಾ ಮಾಡಿ, ಎಲ್ಲವನ್ನೂ ಹೇಳಿದ. ಗಿರಣಿಯ ಯಂತ್ರಕ್ಕೆ ಕೈ ಸಿಕ್ಕಿದ್ದು ಮಗಳ ಮದುವೆಯ ವರ್ಷ. ಅದಕ್ಕೆ ಮೊದಲು ಆ ಊರಿನಲ್ಲಿ ಅವನಷ್ಟು ಚೆನ್ನಾಗಿ ಗಿಟಾರ್ ಬಾರಿಸುವವನು ಇರಲಿಲ್ಲವಂತೆ. ಕೈ ಹೋದ ಮೇಲೂ ಗುರುವಾರ ಬಿಡಲಿಲ್ಲ. ಬಾರಿಸಲಾಗದಿದ್ದರೆ ಬಾರಿಸುವುದರ ಮಾತಾದರೂ ಕೇಳೋಣ ಎಂದು ಹೋಗಿ ಕೂರುತ್ತಿದ್ದ. ತಂತಿಯನ್ನು ಬೆರಳಲ್ಲಿ ಒತ್ತದೆಯೂ ಬಾರಿಸಬಹುದೆಂದು ಅವನು ಎಲ್ಲೋ ಕೇಳಿದ್ದನೇ ಹೊರತು, ಎದುರಿಗೆ ಕೂತು ನೋಡಿದ್ದು ಅಂದೇ ಮೊದಲು. ನೀನು ನನ್ನ ಕೈ ನೋಡಿಯೇ ಇದನ್ನು ಕೊಟ್ಟೆ, ಅದನ್ನು ಬಾಯಿ ಬಿಟ್ಟು ಹೇಳದೆ ನನ್ನ ಮಾನ ಉಳಿಸಿದೆ ಎಂದ.

ಬಾಯಿಪಾಠ ಮಾಡಿದ ಮಾತನ್ನು ಅಲ್ಲೇ ಕೈಬಿಟ್ಟೆ. ಚಹಾ ಕುಡಿದೆ. ಆ ಮುದುಕನ ಎದುರಿಗೆ ನಾನು ನೋಡಿರಲಿಲ್ಲ ಎಂದು ಹೇಳುವ ಧೈರ್ಯವೂ ಬರಲಿಲ್ಲ.

ಆಮೇಲೆ ಆರ್ಚಿ ಒಳಗೆ ಹೋಗಿ, ಗೋಡೆಗೆ ತೂಗುಹಾಕಿದ್ದ ತನ್ನ ಹಳೆಯ ಗಿಟಾರನ್ನು ತಂದ. ಎದೆಗೆ ಅವುಚಿಕೊಂಡು ಬಾರಿಸುವಂಥದ್ದು, ಕಂದು ಮೈ, ಧೂಳಿನ ಒಂದು ಕಣವೂ ಇಲ್ಲ. ಗುಮಾಸ್ತನ ಅಮೆರಿಕದ್ದು ಇದರ ಎದುರಿಗೆ ಏನೂ ಅಲ್ಲ. ಅದನ್ನು ನನ್ನ ಮುಂದೆ ಹಿಡಿದ. ನಿನ್ನ ಬಳಿ ಈಗ ಗಿಟಾರ್ ಇಲ್ಲವಲ್ಲ, ಇದನ್ನು ತಗೊಂಡು ಹೋಗು ಎಂದ.

ನನ್ನ ಜೀವ ಹಿಗ್ಗಿತು. ಇದನ್ನು ಒಯ್ದರೆ ಭೀಮರಾಯನಿಗೆ ಮುಖ ತೋರಿಸಬಹುದು. ದಸರೆಗೆ ಹೊಸ ಡಬ್ಬಿಗೆ ಹಚ್ಚಲು ಏನಾದರೂ ಇರುತ್ತದೆ. ಅಷ್ಟರಲ್ಲಿ ನನ್ನ ಬಾಯಿ, ನನ್ನನ್ನು ಕೇಳದೆ, ನಾಲ್ಕು ತಾಲೂಕಿನ ಸಂಸ್ಕಾರವನ್ನೆಲ್ಲ ಒಟ್ಟುಗೂಡಿಸಿ, ಛೇ ಛೇ, ಬೇಡ ಎಂದುಬಿಟ್ಟಿತು.

ಆರ್ಚಿ ಗೌರವದಿಂದ ತಲೆಯಾಡಿಸಿದ. ಗಿಟಾರನ್ನು ಒಯ್ದು ಮತ್ತೆ ಗೋಡೆಗೆ ತೂಗುಹಾಕಿದ.

ಇನ್ನೊಂದು ಸಲ ಕೇಳುತ್ತಾನೇನೋ ಎಂದು ನಾನು ಎರಡನೆಯ ಕಪ್ಪು ಚಹಾ ಮುಗಿಯುವವರೆಗೂ ಕೂತಿದ್ದೆ. ಕೇಳಲಿಲ್ಲ. ಬೇಡ ಎಂದವನನ್ನು ಮತ್ತೆ ಕೇಳುವುದು ಅವರಲ್ಲಿ ಅವಮಾನ. ಹೊರಡುವಾಗ ಕೌದಿಯನ್ನು ಮಡಚಿ ನನ್ನ ಕೈಗಿಟ್ಟ. ನೀನು ಕೊಟ್ಟದ್ದು ಗಿಟಾರ್, ಇದು ನಿನ್ನ ಹೆಂಡತಿ ಹೊಲಿದದ್ದು, ಇದನ್ನು ಇಟ್ಟುಕೊಳ್ಳುವ ಹಕ್ಕು ನನಗಿಲ್ಲ ಎಂದ. ಕೌದಿಗೆ ನಾನು ಬೇಡ ಎನ್ನಲಿಲ್ಲ. ಹಾಗೆ ಮೊದಲ ಮಾತಿಗೇ ತಗೊಂಡ ಏಕೈಕ ಕೊಡುಗೆ ನನ್ನದೇ ಮನೆಯ ಕೌದಿ.

ಸಿಂದಗಿ

ಗಂಗವ್ವ ಖಾಲಿ ಕೌದಿಯನ್ನು ಕೊಡವಿ ನೋಡಿದಳು. ಎಲ್ಲವನ್ನೂ ಹೇಳಿದ ಮೇಲೆ, "ಭೀಮಣ್ಣಗ ಏನ್ ಹೇಳ್ತೀರಿ?" ಎಂದಳು. ಅದೊಂದೇ ಮಾತು ಬಾಗೇವಾಡಿಯಿಂದ ಸಿಂದಗಿಯವರೆಗೆ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕೂತು ಬಂತು.

ಅಂದು ಬನ್ನಿಯ ಹಬ್ಬ, ದಸರೆಯ ಕೊನೆಯ ದಿನ. ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದಂತೆ ಇರೋಣ ಎನ್ನುವ ಸಂಜೆ. ಭೀಮರಾಯನ ಅಂಗಡಿಯಲ್ಲಿ ಗುರುಪಾದ, ಬಸಲಿಂಗ ಮೊದಲೇ ಬಂದು ಕೂತಿದ್ದರು. ಮೇಜಿನ ಮೇಲೆ ಹೊಸ ಡಬ್ಬಿ. ಹಿಂದಿನ ದಿನ ಅಂಗಡಿಯ ಹತ್ಯಾರಗಳಿಗೆ ಮಾಡಿದ ಖಂಡೇಪೂಜೆಯ ಚೆಂಡುಹೂವಿನ ಮಾಲೆ ಇನ್ನೂ ಅದರ ಮೇಲಿತ್ತು, ಪಕ್ಕದಲ್ಲಿ ಗಿಟಾರಿಗೆಂದೇ ಇಟ್ಟ ಇನ್ನೊಂದು ಮಾಲೆ. ಭೀಮರಾಯ ನನ್ನ ಕಂಕುಳಲ್ಲಿ ಮಡಚಿದ ಕೌದಿ ನೋಡಿದ. ಆಮೇಲೆ ಗಿಟಾರನ್ನು ಯಾರಾದರೂ ಹಿಂದೆ ಹೊತ್ತು ತರುತ್ತಿದ್ದಾರೇನೋ ಎಂದು ನನ್ನ ಬೆನ್ನ ಹಿಂದೆ ಬೀದಿಯನ್ನು ನೋಡಿದ. ಆ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ.

ಒಂದನ್ನೂ ಬಿಡದೆ ಹೇಳಿದೆ. ಬಟಾಟೆಯಿಂದ ಹಿಡಿದು ಆರ್ಚಿಯ ಬೆರಳಿನವರೆಗೆ, ಗೋಡೆಗೆ ವಾಪಸು ಹೋದ ಗಿಟಾರಿನವರೆಗೆ. ಗುರುಪಾದ ಹಣೆ ಚಚ್ಚಿಕೊಂಡ.

"ಲೇ, ಯಾರರೆ ನಿನ್ನ ಹೊಲ ಚಲೋ ಐತಿ ಅಂದಿದ್ರ ಅದನ್ನೂ ಕೊಟ್ಟು ಬರ್ತಿದ್ದೇನೋ?"

ಭೀಮರಾಯ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ನಾನು ಕೊಟ್ಟ ವಾಲ್ವುಗಳನ್ನು ಹತ್ತಿಯಿಂದ ಬಿಡಿಸಿ ಬೆಳಕಿಗೆ ಹಿಡಿದು ನೋಡಿ, ಡಬ್ಬಿಯ ಪಕ್ಕದಲ್ಲಿ ಇಟ್ಟ. ಮುದುಕ ಉಕ್ಕಿನ ತುಂಡನ್ನು ಯಾವ ಬೆರಳುಗಳ ನಡುವೆ ಹಿಡಿಯುತ್ತಾನೆ ಎಂದು ಕೇಳಿದ. ನನ್ನ ಬೆರಳು ಬಾಗಿಸಿ ತೋರಿಸಿದೆ. ತನ್ನ ಕೈಯನ್ನೂ ಹಾಗೆಯೇ ಬಾಗಿಸಿ, ಗಾಳಿಯಲ್ಲಿ ಎರಡು ಸಲ ಜಾರಿಸಿ ನೋಡಿಕೊಂಡ. ಆಮೇಲೆ ಹೇಳಿದ.

"ಗ್ವಾಡಿ ಮ್ಯಾಲಿನ ಅವರ ಹಳೇ ಗಿಟಾರಕ್ಕ ಕುತ್ತಿಗಿ ತುದೀಗೆ ಒಂದು ದಪ್ಪ ಮೊಳಿ ಅಡ್ಡ ಇಟ್ಟು ತಂತಿ ಎತ್ತಿದ್ರ, ಅದೂ ಹವಾಯಿ ಗಿಟಾರನ ಆಗ್ತಿತ್ತಲ್ಲೋ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹೌದಲ್ಲ! ಒಂದು ಮೊಳೆ. ಆರು ತಿಂಗಳಲ್ಲಿ ನನ್ನ ತಲೆಗೆ ಹೊಳೆಯದ ಒಂದು ಮೊಳೆ. ಇವತ್ತೇ ಕಾಗದ ಬರೆಯುತ್ತೇನೆ ಎಂದೆ. ಮುದುಕ ತನ್ನ ಗಿಟಾರಿನಲ್ಲೇ ಬಾರಿಸಲಿ, ನಮ್ಮದನ್ನು ಹಡಗಿಗೆ ಹಾಕಲಿ. ಕೌದಿಯನ್ನೇ ಇಟ್ಟುಕೊಳ್ಳದವನು, ನಾಲ್ವರದೆಂದು ಗೊತ್ತಾದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಸಂಕ್ರಾಂತಿಯೊಳಗೆ ಗಿಟಾರ್ ಸಿಂದಗಿಯಲ್ಲಿ ಇರುತ್ತದೆ. ಬರೆಯಲೇನು?

"ಬ್ಯಾಡ ಬಿಡು," ಎಂದ ಭೀಮರಾಯ.

ಅದು ಮೊದಲನೆಯದು. ಅದಕ್ಕೆ ಕಿಮ್ಮತ್ತಿಲ್ಲ ಎಂದು ನನಗೆ ಗೊತ್ತು. ನಿನ್ನ ಪಾಳಿ ಇದು, ಎರಡು ವರ್ಷ ಕಟ್ಟಿದ ಡಬ್ಬಿ ಎದುರಿಗಿದೆ, ಬರೆಯುತ್ತೇನೆ ಎಂದು ಮತ್ತೆ ಕೇಳಿದೆ. ಅವನು ಡಬ್ಬಿಯ ಮೇಲಿನ ಮಾಲೆಯನ್ನು ಸರಿಮಾಡುತ್ತ, ಬ್ಯಾಡ ಅಂದ್ನೆಲ್ಲೋ ಎಂದ.

ಬಸಲಿಂಗ, ಗುರುಪಾದ ಇಬ್ಬರೂ ಅವನ ಮುಖವನ್ನೇ ನೋಡುತ್ತಿದ್ದರು. ನಾನು ಮೂರನೆಯ ಸಲ ಕೇಳಿದೆ.

ಭೀಮರಾಯ ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಬ್ಯಾಡ. ಹೋದ ಕೈ ಆ ಗಿಟಾರಕ್ಕ ಹೊಂದಿಕೊಂಡೈತಿ, ಬಿಡಸಬಾರ್ದು. ನಾಕ್ ಮಂದಿ ಇದ್ವಿ, ಈಗ ಐದಾದ್ವಿ. ಅವರ ಪಾಳಿ ಮುಗೀಲಿ, ಆಮ್ಯಾಲ ನಂದು."

ಅವರ ಪಾಳಿ ಯಾವಾಗ ಮುಗಿಯುತ್ತದೆ ಎಂದು ಬಸಲಿಂಗ ಮೆಲ್ಲಗೆ ಕೇಳಿದ.

"ಮುಗಿದಾಗ ಮುಗೀತೈತಿ," ಎಂದು ಭೀಮರಾಯ ಎದ್ದು, ತಟ್ಟೆಯಿಂದ ಬನ್ನಿ ಎಲೆ ತೆಗೆದು ನಮಗೆಲ್ಲ ಹಂಚಿದ. ನನ್ನ ಕೈಯಲ್ಲಿ ಎರಡು ಇಟ್ಟ.

ಮೂರನೆಯ ಬೇಡದ ಮೇಲೆ ನಮ್ಮ ಕಡೆ ಅಪೀಲಿಲ್ಲ. ಬಾಗೇವಾಡಿಗೆ ಬಂದು ಆರ್ಚಿಗೆ ಕಾಗದ ಬರೆದೆ. ಹಬ್ಬದ ವಿಷಯ ಬರೆದೆ, ಇದು ನಮ್ಮ ಬಂಗಾರ, ಸಿಂದಗಿಯ ಗೆಳೆಯ ಕೊಟ್ಟದ್ದು ಎಂದು ಆ ಎರಡನೆಯ ಎಲೆಯನ್ನು ಒಳಗಿಟ್ಟೆ. ಮೊಳೆಯ ಸುದ್ದಿ ಬರೆಯಲಿಲ್ಲ.